ಡೈಪರ್ ಬಿಡಿಸುವ ಮುನ್ನ ಹೊಟ್ಟೆ ನೋಡಿ: ಪುಟ್ಟ ಮಕ್ಕಳಿಗೆ ಒಂದು–ಎರಡರ ಅಭ್ಯಾಸ ಮಾಡಿಸುವ ಕ್ರಮ

"ಎರಡು ವರ್ಷ ತುಂಬಿತು, ಇನ್ನೂ ಡೈಪರ್ ಬಿಟ್ಟಿಲ್ಲ." "ಪಾಟಿ ಮೇಲೆ ಕೂರಿಸಿದರೆ ಏನೂ ಮಾಡಲ್ಲ, ಎದ್ದು ಹೋಗಿ ಪರದೆ ಹಿಂದೆ ಮಾಡ್ತಾಳೆ." "ಜೂನ್‌ಗೆ ಪ್ಲೇ ಸ್ಕೂಲ್ ಶುರು, ಅಷ್ಟರೊಳಗೆ ಕಲಿಸಲೇಬೇಕು, ಹೇಗೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಮಗು ಕಲಿಯುತ್ತಿಲ್ಲ" ಎಂದು ಬರುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಮಲಬದ್ಧತೆಯ ದೂರುಗಳು. ಕಕ್ಕ ಗಟ್ಟಿಯಾಗಿ ನೋವಾದ ಮಗು ಹಟ ಮಾಡುತ್ತಿರುವುದಿಲ್ಲ, ಹೆದರಿರುತ್ತದೆ. ಆ ಹೆದರಿಕೆ ಇರುವಷ್ಟು ದಿನ ಬಣ್ಣಬಣ್ಣದ ಪಾಟಿ ತಂದರೂ, ಚಾಕೊಲೇಟ್ ಆಸೆ ತೋರಿಸಿದರೂ ಉಪಯೋಗವಿಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ಹೊಟ್ಟೆಯ ವಿಷಯ ಮೊದಲು ಬರುತ್ತದೆ, ಡೈಪರ್ ಬಿಡಿಸುವುದು ಆಮೇಲೆ.

ಯಾವ ವಯಸ್ಸಿಗೆ?

ಮನೆಯ ಹಿರಿಯರು "ನಮ್ಮ ಕಾಲದಲ್ಲಿ ವರ್ಷ ತುಂಬುವುದರೊಳಗೆ ಎಲ್ಲ ಮಕ್ಕಳೂ ಬಟ್ಟೆ ಒದ್ದೆ ಮಾಡುವುದು ಬಿಡುತ್ತಿದ್ದವು" ಎನ್ನುತ್ತಾರೆ. ಮಕ್ಕಳ ವೈದ್ಯರು "ಒಂದೂವರೆ ವರ್ಷದ ಮೊದಲು ಆತುರ ಬೇಡ" ಎನ್ನುತ್ತಾರೆ. ಇಬ್ಬರೂ ಹೇಳುವುದು ಸರಿಯೇ, ಆದರೆ ಬೇರೆ ಬೇರೆ ವಿಷಯ ಹೇಳುತ್ತಿದ್ದಾರೆ.

ಅಜ್ಜಿಯರ ಕ್ರಮ ಗಮನಿಸಿ. ಕಾಲು ನೀಡಿ ಕೂತು, ಎರಡು ಪಾದಗಳ ನಡುವೆ ಸ್ವಲ್ಪ ಜಾಗ ಬಿಟ್ಟು, ಕೆಳಗೆ ಹಳೆಯ ಪೇಪರ್ ಹಾಸಿ, ಮಗುವನ್ನು ತಮ್ಮ ಕಡೆ ಮುಖ ಮಾಡಿಸಿ ಪಾದದ ಮೇಲೆ ಕೂರಿಸಿಕೊಳ್ಳುತ್ತಾರೆ. ಮಗುವಿನ ತೊಡೆ ಹೊಟ್ಟೆಗೆ ತಾಗುತ್ತದೆ, ಬೆನ್ನಿಗೆ ಅಜ್ಜಿಯ ಅಂಗೈ. "ಸ್ಸ್ಸ್" ಎಂದು ಸಣ್ಣಗೆ ಸದ್ದು ಮಾಡುತ್ತಾ ಕಾಯುತ್ತಾರೆ. ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಸ್ನಾನಕ್ಕೆ ಮೊದಲು. ಇದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆ ಭಂಗಿ, ಆ ಸದ್ದು ಮಗುವಿಗೆ ಬೇಗ ಒಗ್ಗುತ್ತದೆ, ಬಟ್ಟೆಯೂ ಉಳಿಯುತ್ತದೆ. ಮಗುವಿನ ಕುತ್ತಿಗೆ ನಿಲ್ಲುವ ತನಕ ತಲೆಗೆ ಆಸರೆ ಕೊಡಿ, ತುಂಬಾ ಹೊತ್ತು ಕೂರಿಸಬೇಡಿ, ಅಷ್ಟೇ.

ಆದರೆ ಇಲ್ಲಿ ಹೊತ್ತು ಗೊತ್ತಿರುವುದು ಅಜ್ಜಿಗೆ, ಮಗುವಿಗಲ್ಲ. ಎಳೆಮಗುವಿನ ಮೂತ್ರಕೋಶ, ಅಂದರೆ ಉಚ್ಚೆ ತುಂಬಿಕೊಳ್ಳುವ ಚೀಲ, ತುಂಬಿದ ಕೂಡಲೇ ತಾನಾಗಿ ಖಾಲಿಯಾಗುತ್ತದೆ. "ಬರ್ತಿದೆ" ಎಂದು ತಿಳಿಯುವುದು, ಸ್ವಲ್ಪ ಹಿಡಿದುಕೊಳ್ಳುವುದು, ಹೇಳುವುದು, ಜಾಗಕ್ಕೆ ನಡೆದು ಹೋಗುವುದು, ಚಡ್ಡಿ ಕೆಳಗಿಳಿಸುವುದು, ಇಷ್ಟೂ ಸೇರಿದ ಮೇಲೆ ಮಗು ಕಲಿತಂತೆ. ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ಬೇಕಾದ ಹತೋಟಿ ಒಂದೂವರೆ ವರ್ಷದ ನಂತರ ನಿಧಾನವಾಗಿ ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಝಲ್ಟನ್ 1962ರಲ್ಲಿ 1,170 ಮಕ್ಕಳ ದಾಖಲೆ ಪ್ರಕಟಿಸಿದರು. ಮಗು ಸಿದ್ಧವಾಗುವ ತನಕ ಕಾದು ಕಲಿಸಿದ ಆ ಮಕ್ಕಳು ಹಗಲಿನ ಹತೋಟಿ ಪಡೆದದ್ದು ಸರಾಸರಿ ಎರಡು ವರ್ಷ ನಾಲ್ಕು ತಿಂಗಳ ಆಸುಪಾಸಿನಲ್ಲಿ. ಸರಾಸರಿ ಎಂದರೆ ಕೆಲವರು ಮೊದಲೇ, ಕೆಲವರು ಮೂರು ದಾಟಿದ ಮೇಲೆ. ಗಂಡುಮಕ್ಕಳು ಸಾಮಾನ್ಯವಾಗಿ ಒಂದೆರಡು ತಿಂಗಳು ಹಿಂದೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ.

ಮಗು ಸಿದ್ಧವಾಗಿದೆ ಎಂದು ತಿಳಿಯಲು ಇಷ್ಟು ನೋಡಿ: ಒಂದೂವರೆಯಿಂದ ಎರಡು ಗಂಟೆ ಡೈಪರ್ ಒಣಗಿರುತ್ತದೆಯೇ? "ಚೆಂಡು ತಗೊಂಡು ಬಾ" ಎಂದರೆ ತರುತ್ತದೆಯೇ? ಒದ್ದೆಯಾದಾಗ ಚಡ್ಡಿ ಎಳೆದು ತೋರಿಸುತ್ತದೆಯೇ, ಅಥವಾ ಮಾಡುವ ಮುಂಚೆ ಆಟ ನಿಲ್ಲಿಸಿ ಮೂಲೆಗೆ ಹೋಗುತ್ತದೆಯೇ? ನೀವು ಕಕ್ಕಸಿಗೆ ಹೋದರೆ ಹಿಂದೆಯೇ ಬಂದು ಇಣುಕುತ್ತದೆಯೇ? ಮೂರಕ್ಕೆ ಹೌದು ಎಂದಾದರೂ ಶುರುಮಾಡಬಹುದು.

ನಮ್ಮ ಕಡೆ ಶುರುಮಾಡಲು ಅನುಕೂಲವಾದ ಕಾಲ ಬೇಸಿಗೆ. ಬಟ್ಟೆ ಬೇಗ ಒಣಗುತ್ತದೆ, ಮಗು ಬರೀ ಚಡ್ಡಿಯಲ್ಲಿ ಓಡಾಡಬಹುದು. ಮಲೆನಾಡು, ಕರಾವಳಿಯವರು ಆಷಾಢದ ಮಳೆಯಲ್ಲಿ ಶುರುಮಾಡಿದರೆ ಒಲೆ ಮುಂದೆ ಚಡ್ಡಿ ಒಣಗಿಸುವುದೇ ಕೆಲಸವಾಗುತ್ತದೆ. ಶಾಲೆಗೆ ಜೂನ್‌ನಲ್ಲಿ ಸೇರಿಸುವುದಾದರೆ ಮಾರ್ಚ್–ಏಪ್ರಿಲ್‌ನಲ್ಲೇ ಕೈಹಾಕಿ.

ಈ ಸಮಯಗಳಲ್ಲಿ ಮಾತ್ರ ಶುರುಮಾಡಬೇಡಿ: ಮನೆ ಬದಲಿಸುವಾಗ, ಮಗುವಿಗೆ ಜ್ವರ–ಭೇದಿ ಇರುವಾಗ, ಮತ್ತು ಎರಡನೇ ಹೆರಿಗೆ ಹತ್ತಿರ ಬಂದಾಗ. ಬಾಣಂತನಕ್ಕೆಂದು ಅಮ್ಮ ತವರಿಗೆ ಹೊರಟಾಗ ದೊಡ್ಡ ಮಗುವಿಗೆ ಮನೆ, ಹಾಸಿಗೆ, ಕಕ್ಕಸು ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಅದರ ಮೇಲೆ ಇದೂ ಬೇಡ.

ಏನೇನು ಬೇಕು

ಎಂಟು–ಹತ್ತು ಕಾಟನ್ ಚಡ್ಡಿ, ಎಲಾಸ್ಟಿಕ್ ಸಡಿಲವಾಗಿರುವಂಥದ್ದು. ಜಿಪ್, ಗುಂಡಿ, ಲಾಡಿ ಇರುವ ಪ್ಯಾಂಟ್‌ಗಳನ್ನು ಕೆಲವು ತಿಂಗಳು ಎತ್ತಿಡಿ. ನೆಲ ಒರೆಸಲು ಹಳೆಯ ಬಟ್ಟೆಗಳು. ಹಾಸಿಗೆ ಮೇಲೆ ಹಾಕಲು ರಬ್ಬರ್ ಶೀಟ್. ಮತ್ತು ಕೂರಲು ಒಂದು ಜಾಗ.

ಆ ಜಾಗ ಯಾವುದೆಂದು ಮನೆಯಲ್ಲಿರುವ ಕಕ್ಕಸು ನೋಡಿ ನಿರ್ಧರಿಸಿ. ಕಮೋಡ್ ಇದ್ದರೆ ಅದರ ಮೇಲಿಡುವ ಚಿಕ್ಕ ಸೀಟ್ ಬೇಕು, ಜೊತೆಗೆ ಕಾಲಿಡಲು ಮಣೆ ಅಥವಾ ಗಟ್ಟಿ ಸ್ಟೂಲ್ ಬೇಕೇ ಬೇಕು. ಸೀಟ್ ಕೊಂಡು ಸ್ಟೂಲ್ ಮರೆಯುವವರೇ ಹೆಚ್ಚು. ಕಾಲು ಗಾಳಿಯಲ್ಲಿ ತೂಗಾಡಿದರೆ ಮಗುವಿಗೆ ಬೀಳುವ ಭಯ, ತಿಣುಕಲು ಆಧಾರವೂ ಇಲ್ಲ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು. ಕುಕ್ಕರುಗಾಲಿನಲ್ಲಿ ಕೂತಾಗ ಗುದನಾಳವನ್ನು, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗವನ್ನು, ಸುತ್ತಿ ಹಿಡಿದ ಸ್ನಾಯು ಸಡಿಲವಾಗಿ ದಾರಿ ನೇರವಾಗುತ್ತದೆ. ಸ್ಟೂಲ್ ಮಾಡುವ ಕೆಲಸವೂ ಅದೇ.

ಇಂಡಿಯನ್ ಕಕ್ಕಸಾದರೆ ಭಂಗಿ ತಾನಾಗಿಯೇ ಸರಿ ಇರುತ್ತದೆ. ತೊಂದರೆ ಎಂದರೆ ಪಾದ ಇಡುವ ಜಾಗಗಳು ದೊಡ್ಡವರ ಅಳತೆಯವು, ಮಗು ಅಷ್ಟು ಕಾಲಗಲಿಸಲಾರದು. ಮೂರು ವರ್ಷದ ತನಕ ಬಚ್ಚಲಿನ ನೆಲದ ಮೇಲೆ ಪೇಪರ್ ಹಾಸಿ ಕೂರಿಸಿ, ಅಥವಾ ನೆಲದಲ್ಲಿಡುವ ಪಾಟಿ ಬಳಸಿ. ಆಮೇಲೆ ನೀವು ಎದುರು ನಿಂತು ಎರಡೂ ಕೈ ಹಿಡಿದುಕೊಂಡು ಕೂರಿಸಿ.

ಶುರುಮಾಡುವ ಮುನ್ನ ಬಚ್ಚಲನ್ನು ಒಮ್ಮೆ ಮಗುವಿನ ಎತ್ತರದಿಂದ ನೋಡಿ. ಇದನ್ನು ದಯವಿಟ್ಟು ದಾಟಿಸಬೇಡಿ. ಇಷ್ಟು ದಿನ ಒಳಗೆ ಬಿಡದ ಜಾಗಕ್ಕೆ ಮಗುವನ್ನು ಈಗ ನೀವೇ ಕರೆಯುತ್ತಿದ್ದೀರಿ. ಬಕೆಟ್‌ನಲ್ಲಿ ಗೇಣುದ್ದ ನೀರಿದ್ದರೂ ತಲೆಕೆಳಗಾಗಿ ಬಿದ್ದ ಪುಟ್ಟ ಮಗು ಎದ್ದುಬರಲಾರದು. ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಒಳಗಿನ ಚಿಲಕ ಮಗುವಿನ ಕೈಗೆ ಸಿಗದಂತೆ ಮೇಲಕ್ಕೆ ಹಾಕಿಸಿ. ಫಿನಾಯಿಲ್, ಆ್ಯಸಿಡ್ ಬಾಟಲಿಗಳನ್ನು ಎತ್ತರದ ಕಪಾಟಿಗೆ ಸಾಗಿಸಿ. ಗೀಸರ್ ನಲ್ಲಿಯ ಬಗ್ಗೆಯೂ ಎಚ್ಚರ.

ಹಂತ 1: ಹೊಟ್ಟೆ ಸರಿಮಾಡಿ

ಮಗುವಿನ ಕಕ್ಕ ಹೇಗಿದೆ ನೋಡಿ. ಮಾಗಿದ ಬಾಳೆಹಣ್ಣಿನಷ್ಟು ಮೆತ್ತಗಿದ್ದರೆ ಸೀದಾ ಎರಡನೇ ಹಂತಕ್ಕೆ ಹೋಗಿ. ಆಡಿನ ಹಿಕ್ಕೆಯಂತೆ ಉಂಡೆ ಉಂಡೆಯಾಗಿದ್ದರೆ, ದಪ್ಪಗೆ ಬಿರುಕು ಬಿಟ್ಟಿದ್ದರೆ, ವಾರಕ್ಕೆ ಒಂದೆರಡು ಸಲ ಮಾತ್ರ ಆಗುತ್ತಿದ್ದರೆ ಇಲ್ಲೇ ನಿಲ್ಲಿ.

ನಡೆಯುವುದು ಹೀಗೆ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾಗುತ್ತದೆ. ಮುಂದಿನ ಸಲ ಒತ್ತಡ ಬಂದಾಗ ಮಗು ಹಿಡಿದುಕೊಳ್ಳುತ್ತದೆ. ಹಿಡಿದಷ್ಟೂ ಕರುಳು ನೀರು ಹೀರಿಕೊಂಡು ಕಕ್ಕ ಇನ್ನಷ್ಟು ಗಟ್ಟಿಯಾಗುತ್ತದೆ. ಮತ್ತೆ ನೋವು. ಹಿಡಿದುಕೊಳ್ಳುವ ಮಗುವನ್ನು ನೋಡಿದವರಿಗೆ ಅದು ತಿಣುಕುತ್ತಿದೆ ಎನ್ನಿಸುತ್ತದೆ. ಹತ್ತಿರದಿಂದ ನೋಡಿ: ಸೋಫಾದ ಅಂಚು ಹಿಡಿದು ತುದಿಗಾಲಿನಲ್ಲಿ ನಿಂತಿರುತ್ತದೆ, ತೊಡೆಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ, ಮುಖ ಕೆಂಪಾಗಿ ಬೆವರಿರುತ್ತದೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಅದು ಹೊರಗೆ ತಳ್ಳುವ ಭಂಗಿಯಲ್ಲ, ಒಳಗೆ ತಡೆಯುವ ಭಂಗಿ. ಆ ಹೊತ್ತಿನಲ್ಲಿ ಎತ್ತಿಕೊಂಡು ಓಡಿ ಪಾಟಿ ಮೇಲೆ ಕುಕ್ಕಿದರೆ ನೋವಿನ ಜೊತೆ ಪಾಟಿಯ ನೆನಪೂ ಅಂಟಿಕೊಳ್ಳುತ್ತದೆ.

ಕಕ್ಕ ಮೆತ್ತಗಾಗಲು ಮೊದಲು ಹಾಲಿನ ಲೆಕ್ಕ ನೋಡಿ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಹಾಲು ಬೇಡ. ಬಾಟಲಿ ಬಾಟಲಿ ಹಾಲು ಕುಡಿದು ಊಟ ಬಿಡುವ ಮಕ್ಕಳಲ್ಲಿ ಮಲಬದ್ಧತೆ ಬಹಳ. ಹಾಲು ತಗ್ಗಿಸಿದರೆ ಹಸಿವು ಬರುತ್ತದೆ, ಊಟ ಹೋಗುತ್ತದೆ. ಬೇಳೆ–ಸೊಪ್ಪಿನ ಹುಳಿ, ತರಕಾರಿ ಪಲ್ಯ, ಪಪ್ಪಾಯಿ, ಸೀಬೆ, ರಾತ್ರಿ ನೆನೆಹಾಕಿ ಕಿವುಚಿದ ಒಣದ್ರಾಕ್ಷಿ, ರಾಗಿ ಮುದ್ದೆಯ ಸಣ್ಣ ತುತ್ತು ಕೊಡಿ. ಬಾಳೆಹಣ್ಣು ಚೆನ್ನಾಗಿ ಕಳಿತಿರಲಿ. ಬಿಸ್ಕತ್ತು, ಬ್ರೆಡ್, ಚಿಪ್ಸ್ ಕಡಿಮೆ ಮಾಡಿ. ನೀರನ್ನು ಮಗುವೇ ಎತ್ತಿಕೊಳ್ಳುವಂಥ ಲೋಟದಲ್ಲಿ ಅಲ್ಲಲ್ಲಿ ಇಡಿ.

ಎಚ್ಚರ: ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದೆ ಇಡುವುದು, ಸೋಪಿನ ಚೂರು ಇಡುವುದು ಇನ್ನೂ ಎಷ್ಟೋ ಮನೆಗಳಲ್ಲಿದೆ. ಬೇಡ. ಸೂಕ್ಷ್ಮ ಚರ್ಮಕ್ಕೆ ಗಾಯವಾಗುತ್ತದೆ, ಸೋಪು ಉರಿಸುತ್ತದೆ, ಎಲ್ಲಕ್ಕಿಂತ ಮಗುವಿನ ಹೆದರಿಕೆ ದುಪ್ಪಟ್ಟಾಗುತ್ತದೆ. ಹರಳೆಣ್ಣೆ ಕುಡಿಸುವುದೂ ಬೇಡ. ಆಹಾರ ಬದಲಿಸಿ ಎರಡು ವಾರವಾದರೂ ಸರಿಹೋಗದಿದ್ದರೆ ಮಕ್ಕಳ ವೈದ್ಯರು ಕಕ್ಕ ಮೆತ್ತಗಾಗುವ ಸಿರಪ್ ಅಥವಾ ಪುಡಿ ಕೊಡುತ್ತಾರೆ. ಅದನ್ನು ಹೇಳಿದಷ್ಟು ದಿನ ಪೂರ್ತಿ ಕೊಡಿ. ಎರಡು ದಿನ ಸಲೀಸಾಯಿತೆಂದು ನಿಲ್ಲಿಸುವುದರಿಂದಲೇ ತೊಂದರೆ ಮರುಕಳಿಸುತ್ತದೆ. ನೋವು ಮರೆಯಲು ಮಗುವಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಇನ್ನೊಂದು ಮೋಸ ಹೋಗುವ ಜಾಗ. ಚಡ್ಡಿಯಲ್ಲಿ ದಿನಕ್ಕೆ ನಾಲ್ಕಾರು ಸಲ ತೆಳ್ಳಗೆ ಅಂಟಿದ್ದರೆ "ಭೇದಿ" ಎಂದುಕೊಳ್ಳುತ್ತೇವೆ. ಒಳಗೆ ಗಟ್ಟಿ ಉಂಡೆ ಸಿಕ್ಕಿಕೊಂಡು ಅದರ ಪಕ್ಕದಿಂದ ತೆಳು ಮಲ ಸೋರುತ್ತಿರಬಹುದು. ಮಗುವಿಗೆ ಅದು ತಿಳಿಯುವುದೂ ಇಲ್ಲ. ಬೈಯಬೇಡಿ, ವೈದ್ಯರಿಗೆ ತೋರಿಸಿ.

ಅಂಗನವಾಡಿಯಲ್ಲಿ ಕೊಡುವ ಕಬ್ಬಿಣಾಂಶದ ಸಿರಪ್‌ನಿಂದ ಕಕ್ಕ ಕಪ್ಪಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪಾಗುತ್ತದೆ. ಗಾಬರಿ ಬೇಡ.

ಹಂತ 2: ಮೂರು ದಿನ ಬರೆದಿಡಿ

ಏನನ್ನೂ ಬದಲಿಸದೆ, ಮಗು ಯಾವಾಗ ಎದ್ದಿತು, ಉಂಡಿತು, ಕುಡಿಯಿತು, ಯಾವಾಗ ಒಂದು, ಯಾವಾಗ ಎರಡು ಎಂದು ಗುರುತು ಹಾಕಿಕೊಳ್ಳಿ. ಡೈಪರ್ ಹಾಕಿದ್ದರೆ ಉಚ್ಚೆಯ ಹೊತ್ತು ಗೊತ್ತಾಗುವುದಿಲ್ಲ, ಹಗಲು ಬಟ್ಟೆಯ ಲಂಗೋಟಿ ಕಟ್ಟಿ. ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 120 ಮಿಲಿ, ಅಂದರೆ ಅರ್ಧ ಲೋಟದ ಆಸುಪಾಸು. ಒಂದು ಲೋಟ ನೀರು ಕುಡಿಸಿ "ಈಗ ತಾನೇ ಮಾಡಿತ್ತು, ಮತ್ತೆ ಒದ್ದೆ" ಎಂದರೆ ತಪ್ಪು ಮಗುವಿನದಲ್ಲ.

ಎರಡರ ಹೊತ್ತು ಹೆಚ್ಚಿನ ಮಕ್ಕಳಲ್ಲಿ ಊಟ ಅಥವಾ ತಿಂಡಿಯಾದ ಅರ್ಧ ಗಂಟೆಯೊಳಗೆ ಬರುತ್ತದೆ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚಲಿಸತೊಡಗುವುದು ದೇಹದ ಸಹಜ ಕ್ರಮ. ಆ ಹೊತ್ತು ನಿಮ್ಮ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಂತ 3: ಮಾತು ಮತ್ತು ಜಾಗದ ಪರಿಚಯ

ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಿ. ಅಮ್ಮ "ಸುಸ್ಸು", ಅಪ್ಪ "ಒಂದಕ್ಕೆ", ಅಜ್ಜಿ "ಉಚ್ಚೆ", ಡೇಕೇರ್‌ನಲ್ಲಿ ಇನ್ನೇನೋ ಎಂದರೆ ಮಗು ಗೊಂದಲಕ್ಕೆ ಬೀಳುತ್ತದೆ. "ಛೀ, ಥೂ, ಗಲೀಜು" ಎನ್ನುವ ಮಾತುಗಳನ್ನು ಇಡೀ ಮನೆ ಬಿಡಬೇಕು. ಹಾಗೆ ಕೇಳಿದ ಮಗು ಕಕ್ಕವನ್ನು ಬಚ್ಚಿಡಲು ಕಲಿಯುತ್ತದೆ.

ಪಾಟಿ ತಂದ ದಿನ ಚಡ್ಡಿ ಸಮೇತ ಕೂತು ಆಡಲಿ. ಡೈಪರ್‌ನಲ್ಲಿದ್ದ ಕಕ್ಕವನ್ನು ಮಗುವಿನ ಎದುರೇ ಕಕ್ಕಸಿಗೆ ಹಾಕಿ, "ಇದರ ಜಾಗ ಇಲ್ಲಿ" ಎಂದು ತೋರಿಸಿ. ಫ್ಲಶ್ ಸದ್ದಿಗೆ ಹೆದರಿದರೆ ಮಗು ಹೊರಗೆ ಬಂದ ಮೇಲೆ ಒತ್ತಿ, ಕೆಲವು ದಿನಗಳ ನಂತರ ಗುಂಡಿ ಒತ್ತುವ ಕೆಲಸ ಅದಕ್ಕೇ ಕೊಡಿ. ಇಷ್ಟಕ್ಕೆ ಒಂದು ವಾರ ಸಾಕು.

ಹಂತ 4: ಹಗಲಿನ ಡೈಪರ್ ನಿಲ್ಲಿಸಿ

ಡೈಪರ್‌ನೊಳಗೆ ನೀರು ಹೀರಿ ಅಂಟಾಗುವ ಪುಡಿ ಇರುತ್ತದೆ, ಮಗುವಿಗೆ ಒದ್ದೆಯ ಅನುಭವವೇ ಆಗುವುದಿಲ್ಲ. ಅನುಭವವಾಗದೆ ಕಲಿಯುವುದು ಕಷ್ಟ. ಹಾಗಾಗಿ ಎಚ್ಚರವಿದ್ದಷ್ಟು ಹೊತ್ತು ಕಾಟನ್ ಚಡ್ಡಿ ಮಾತ್ರ. ನಿದ್ದೆಗೆ, ದೂರದ ಪ್ರಯಾಣಕ್ಕೆ ಡೈಪರ್ ಇರಲಿ. ಆದರೆ ಮನೆಯಲ್ಲಿ "ಇವತ್ತು ನೆಂಟರು ಬರ್ತಾರೆ, ಹಾಕಿಬಿಡೋಣ", "ನಾಳೆ ಬಿಚ್ಚೋಣ" ಎಂದು ದಿನಕ್ಕೊಂದು ರೀತಿ ಮಾಡಬೇಡಿ.

ಮೊದಲ ವಾರ ನೆಲ ಒರೆಸುವುದು ಇದ್ದೇ ಇದೆ. ಜಮಖಾನ ಎತ್ತಿಡಿ. ರಜೆ ಹಾಕಲು ಸಾಧ್ಯವಿದ್ದರೆ ಅಪ್ಪ–ಅಮ್ಮ ಹಂಚಿಕೊಂಡು ಹಾಕಿ. ಇದನ್ನು ತಾಯಿಯೊಬ್ಬಳ ಕೆಲಸ ಎಂದು ಬಿಟ್ಟ ಮನೆಗಳಲ್ಲಿ ಮಗು ತಾಯಿ ಇದ್ದಾಗ ಮಾತ್ರ ಹೇಳುತ್ತದೆ, ಉಳಿದವರ ಎದುರು ಚಡ್ಡಿಯಲ್ಲೇ ಮಾಡುತ್ತದೆ.

ಚಡ್ಡಿಯಲ್ಲಾದಾಗ ಮಾಡಬೇಕಾದದ್ದು ಇಷ್ಟೇ. ದನಿ ಏರಿಸದೆ "ಒದ್ದೆ ಆಯ್ತಾ ಪುಟ್ಟಾ, ಸುಸ್ಸು ಬಚ್ಚಲಲ್ಲಿ ಮಾಡೋದು, ಬಾ" ಎನ್ನಿ. ಬಚ್ಚಲಿಗೆ ಕರೆದೊಯ್ದು ಒಂದು ನಿಮಿಷ ಕೂರಿಸಿ, ತೊಳೆದು, ಒಣಗಿದ ಚಡ್ಡಿ ಹಾಕಿ. ಒದ್ದೆ ಚಡ್ಡಿಯನ್ನು ಬಕೆಟ್‌ಗೆ ಹಾಕುವುದು ಮಗುವೇ ಮಾಡಲಿ, ಶಿಕ್ಷೆಯಾಗಿ ಅಲ್ಲ, ಕೆಲಸದ ಒಂದು ಭಾಗವಾಗಿ. ಹೊಡೆಯುವುದು, "ಬರೆ ಹಾಕ್ತೀನಿ" ಎಂದು ಹೆದರಿಸುವುದು, ಬಂದವರ ಮುಂದೆ "ನೋಡಿ, ಇವಳು ಇನ್ನೂ ಚಡ್ಡೀಲೇ ಮಾಡ್ತಾಳೆ" ಎಂದು ನಗುವುದು ಖಂಡಿತ ಬೇಡ. ಹೆದರಿದ ಮಗು ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡರೆ ಮತ್ತೆ ಮೊದಲನೇ ಹಂತದ ತೊಂದರೆ.

ಬಳಸಿದ ಡೈಪರ್ ಬಗ್ಗೆ: ಒಳಗಿನ ಕಕ್ಕವನ್ನು ಕಕ್ಕಸಿಗೆ ಹಾಕಿ, ಡೈಪರ್ ಸುತ್ತಿ ಪೇಪರ್‌ನಲ್ಲಿ ಕಟ್ಟಿ ಬೇರೆಯಾಗಿ ಕೊಡಿ. ಬೆಂಗಳೂರಿನಲ್ಲಿ ಆ ಪೊಟ್ಟಣದ ಮೇಲೆ ಕೆಂಪು ಗುರುತು ಹಾಕುವ ರೂಢಿ ಇದೆ, ಕಸ ವಿಂಗಡಿಸುವವರು ಬರಿಗೈಯಲ್ಲಿ ಬಿಚ್ಚದಿರಲಿ ಎಂದು. ಹಸಿ ಕಸಕ್ಕೆ, ಚರಂಡಿಗೆ, ತಿಪ್ಪೆಗೆ ಎಸೆಯಬೇಡಿ. "ಮಕ್ಕಳ ಕಕ್ಕಕ್ಕೆ ದೋಷವಿಲ್ಲ" ಎಂಬ ನಂಬಿಕೆ ತಪ್ಪು. ಭೇದಿ ಹರಡುವ ರೋಗಾಣು, ಜಂತುವಿನ ಮೊಟ್ಟೆ ಅದರಲ್ಲೂ ಇರುತ್ತವೆ. ಅಂಗಳದಲ್ಲಿ ಮಾಡಿದ್ದನ್ನೂ ಎತ್ತಿ ಕಕ್ಕಸಿಗೇ ಹಾಕಿ.

ಹಂತ 5: ಹೊತ್ತು ನೋಡಿ ಕೂರಿಸಿ

ನಿದ್ದೆಯಿಂದ ಎದ್ದ ಕೂಡಲೇ, ತಿಂಡಿ–ಊಟ ಆದ ಮೇಲೆ, ಹೊರಗೆ ಹೊರಡುವ ಮುನ್ನ, ಮಲಗುವ ಮುನ್ನ. ನಡುವೆ ಎರಡು ಗಂಟೆಗೊಮ್ಮೆ. "ಸುಸ್ಸು ಬರ್ತಿದೆಯಾ?" ಎಂದು ಕೇಳಿದರೆ ಈ ವಯಸ್ಸಿನ ಉತ್ತರ "ಇಲ್ಲ" ಎಂದೇ. ಕೇಳಬೇಡಿ, "ಬಾ, ಹೋಗಿ ಬಂದು ಮತ್ತೆ ಆಡೋಣ" ಎಂದು ಕರೆಯಿರಿ. ಹತ್ತು ನಿಮಿಷಕ್ಕೊಮ್ಮೆ ಕರೆದರೆ ಮಗು ರೋಸಿಹೋಗುತ್ತದೆ, ಮೂತ್ರಕೋಶ ತುಂಬಿದಾಗ ಹೇಗಿರುತ್ತದೆ ಎಂಬುದೂ ಅದಕ್ಕೆ ತಿಳಿಯುವುದಿಲ್ಲ.

ಒಂದಕ್ಕೆ ಎರಡು–ಮೂರು ನಿಮಿಷ, ಎರಡಕ್ಕೆ ಐದು ನಿಮಿಷ ಸಾಕು. ಬಾರದಿದ್ದರೆ ಎಬ್ಬಿಸಿ. ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸುವ ರೂಢಿ ಈಗ ಹೆಚ್ಚಾಗಿದೆ. ಮಗು ಪರದೆಯಲ್ಲಿ ಮುಳುಗಿ ತನ್ನ ಹೊಟ್ಟೆಯ ಕರೆಯನ್ನೇ ಮರೆಯುತ್ತದೆ. ಬದಲಿಗೆ ಪಕ್ಕದಲ್ಲಿ ಕೂತು ಒಂದು ಕತೆ ಹೇಳಿ, ಅಥವಾ ಊದುವ ಆಟ ಆಡಿಸಿ. ಬಲೂನ್ ಊದುವಂತೆ "ಫೂ" ಎಂದಾಗ ಹೊಟ್ಟೆಯ ಸ್ನಾಯು ತಾನಾಗಿ ಒತ್ತುತ್ತದೆ.

ಗಂಡುಮಗುವಿಗೂ ಮೊದಲು ಕೂತೇ ಕಲಿಸಿ. ನಿಂತು ಮಾಡಲು ಮೊದಲೇ ಕಲಿಸಿದರೆ ಎರಡಕ್ಕೆ ಕೂರಲು ಒಪ್ಪುವುದಿಲ್ಲ.

ಒಂದಕ್ಕೆ ಸರಿಯಾಗಿ ಹೋಗುವ ಮಗು ಎರಡಕ್ಕೆ ಮಾತ್ರ ಡೈಪರ್ ಬೇಕೆಂದು ಕೇಳುವುದು ಬಹಳ ಸಾಮಾನ್ಯ. ಕೊಟ್ಟುಬಿಡಿ. ಕೊಡದಿದ್ದರೆ ಹಿಡಿದುಕೊಳ್ಳುತ್ತದೆ, ಅದು ಇನ್ನೂ ಕೆಟ್ಟದ್ದು. ಒಂದು ಷರತ್ತು ಹಾಕಿ: ಡೈಪರ್ ಹಾಕಿಕೊಂಡು ಬಚ್ಚಲಲ್ಲೇ ಮಾಡಬೇಕು. ಅದು ಒಗ್ಗಿದ ಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂರಲಿ. ಆಮೇಲೆ ಡೈಪರ್ ಸಡಿಲ ಬಿಡಿ, ಕೊನೆಗೆ ಬಿಚ್ಚಿ ಪಾಟಿಯೊಳಗೆ ಹಾಸಿ. ಇದಕ್ಕೆ ತಾಳ್ಮೆ ಬೇಕು, ಆದರೆ ಅಳು ಇಲ್ಲದೆ ಆಗುವ ದಾರಿ ಇದು. ಕಕ್ಕ ಮೆತ್ತಗಿದೆಯೇ ಎಂಬುದನ್ನು ಮಾತ್ರ ಇಡೀ ಅವಧಿಯಲ್ಲಿ ನೋಡುತ್ತಿರಿ.

ಮೆಚ್ಚುಗೆ ಇರಲಿ, ಅಬ್ಬರ ಬೇಡ. "ನೀನೇ ಬಂದು ಹೇಳಿದೆ, ಜಾಣ" ಎಂದರೆ ಸಾಕು. ದಿನಾ ಚಾಕೊಲೇಟ್ ಕೊಟ್ಟರೆ ಅದು ನಿಂತ ದಿನ ಹೋಗುವುದೂ ನಿಲ್ಲುತ್ತದೆ.

ಹಂತ 6: ತೊಳೆಯುವುದು, ಕೈ ತೊಳೆಯುವುದು

ಹೆಣ್ಣುಮಗುವಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹಿಂದಿನದು ಮುಂದಕ್ಕೆ ಬಂದರೆ ಮೂತ್ರನಾಳಕ್ಕೆ ಸೋಂಕು ತಗಲುತ್ತದೆ. ಗಂಡುಮಗುವಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಬೇಡಿ, ಹೊರಗಿನಿಂದ ತೊಳೆದರೆ ಸಾಕು. ಜೆಟ್ ಸ್ಪ್ರೇ ರಭಸ ಜೋರಿರುತ್ತದೆ, ಮಗುವಿಗೆ ಚೊಂಬು ಅಥವಾ ಚಿಕ್ಕ ಮಗ್ಗೇ ಮೇಲು. ನಾಲ್ಕು ದಾಟಿದ ಮೇಲೆ ತಾನೇ ತೊಳೆದುಕೊಳ್ಳಲು ಕಲಿಸಿ: ಬಲಗೈಯಲ್ಲಿ ನೀರು, ಎಡಗೈಯಲ್ಲಿ ತೊಳೆಯುವುದು. ಪೂರ್ತಿ ಬರಲು ಐದು–ಆರು ವರ್ಷವಾದೀತು, ಅಲ್ಲಿಯವರೆಗೆ ನೀವೊಮ್ಮೆ ನೋಡಿ.

ಮಗು ಏನೂ ಮಾಡದೆ ಎದ್ದರೂ ಕೈಗೆ ಸೋಪು ಹಾಕಿ ತೊಳೆಸಿ, 20 ಸೆಕೆಂಡ್. ನೀವೂ ತೊಳೆದುಕೊಳ್ಳಿ.

ಹಂತ 7: ಮನೆಯಾಚೆ

ಪ್ಲೇ ಸ್ಕೂಲ್ ಅಥವಾ ಅಂಗನವಾಡಿಗೆ ಬಿಡುವ ಮೊದಲ ದಿನವೇ ಟೀಚರಿಗೆ ಮೂರು ವಿಷಯ ಹೇಳಿ: ಮಗು ಬಳಸುವ ಮಾತು, ಮಗು ಮಾಡುವ ಸನ್ನೆ, ಕರೆದೊಯ್ಯಬೇಕಾದ ಹೊತ್ತು. ಮನೆಮಾತು ಬೇರೆ, ಶಾಲೆಯ ಮಾತು ಬೇರೆಯಾದ ಕಡೆ ಇದು ಇನ್ನೂ ಮುಖ್ಯ. ಅಲ್ಲಿನ ಕಕ್ಕಸನ್ನು ಮಗುವಿಗೆ ನೀವೇ ತೋರಿಸಿ. ಅದು ಕತ್ತಲಾಗಿದ್ದರೆ, ಒದ್ದೆಯಾಗಿ ನಾರುತ್ತಿದ್ದರೆ ಮಗು ಮಧ್ಯಾಹ್ನದ ತನಕ ಹಿಡಿದುಕೊಂಡೇ ಬರುತ್ತದೆ, ಆಡಳಿತದವರಿಗೆ ಹೇಳಿ ಸರಿಮಾಡಿಸಿ. ಎರಡು ಜೊತೆ ಬಟ್ಟೆ ಚೀಲದಲ್ಲಿರಲಿ. ತೊಳೆಯಲು ಯಾರು ನೆರವಾಗುತ್ತಾರೆ ಎಂದು ವಿಚಾರಿಸಿ, ಮಗುವಿಗೂ ಅವರನ್ನು ತೋರಿಸಿ, "ಬೇರೆ ಯಾರಾದರೂ ಮುಟ್ಟಿದರೆ ನನಗೆ ಹೇಳು" ಎಂದು ತಿಳಿಸಿ.

ಬಸ್ಸಿನಲ್ಲಿ ದೂರ ಹೋಗುವಾಗ ಹತ್ತುವ ಮುನ್ನ ಒಮ್ಮೆ ಕರೆದೊಯ್ಯಿರಿ, ಬಸ್ ನಿಂತ ಕಡೆಯೆಲ್ಲ ಕೇಳದೆಯೇ ಇಳಿಸಿ. ವಿದೇಶದಲ್ಲಿರುವವರು ರಜೆಗೆ ಊರಿಗೆ ಬಂದಾಗ ಕಮೋಡ್‌ಗೆ ಒಗ್ಗಿದ ಮಗು ಅಜ್ಜಿ ಮನೆಯ ಇಂಡಿಯನ್ ಕಕ್ಕಸು ಕಂಡು ಅಳುತ್ತದೆ, ನಾಲ್ಕು ದಿನ ಹಿಡಿದುಕೊಂಡು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಹೊರಡುವ ಕೆಲವು ವಾರ ಮುಂಚೆಯೇ ಕುಕ್ಕರುಗಾಲಿನಲ್ಲಿ ಕೂತು ಆಡುವ ಅಭ್ಯಾಸ ಮಾಡಿಸಿ, ಮಗುವಿನ ಪಾಟಿಯನ್ನೂ ಜೊತೆಗೆ ತನ್ನಿ.

ಹಂತ 8: ರಾತ್ರಿ

ರಾತ್ರಿಯದು ಕಲಿಸಿ ಬರುವುದಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ತಯಾರಾಗುವಂತೆ ಮಾಡುವ ಹಾರ್ಮೋನ್ ಒಂದಿದೆ, ಅದು ಸಾಕಷ್ಟು ಬರತೊಡಗುವುದು, ಮೂತ್ರಕೋಶ ತುಂಬಿದಾಗ ಎಚ್ಚರವಾಗುವುದು, ಎರಡೂ ಮಗು ಬೆಳೆದಂತೆ ಆಗುವ ಬದಲಾವಣೆಗಳು. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅಪ್ಪ ಅಥವಾ ಅಮ್ಮ ಚಿಕ್ಕಂದಿನಲ್ಲಿ ಮಾಡುತ್ತಿದ್ದರೆ ಮಗುವೂ ಮಾಡುವ ಸಂಭವ ಹೆಚ್ಚು. ಅಜ್ಜಿಯನ್ನು ಕೇಳಿ ನೋಡಿ, ಗೊತ್ತಾಗುತ್ತದೆ.

ಹಗಲಿನ ಹತೋಟಿ ಬಂದು ಕೆಲವು ತಿಂಗಳ ಮೇಲೆ, ಬೆಳಿಗ್ಗೆ ಡೈಪರ್ ಸತತ ಒಂದು ವಾರ ಒಣಗಿದ್ದರೆ ರಾತ್ರಿಯದನ್ನೂ ಬಿಡಿ. ರಬ್ಬರ್ ಶೀಟ್ ಹಾಸಿ, ಮಲಗುವ ಮುನ್ನ ಒಮ್ಮೆ ಕರೆದೊಯ್ಯಿರಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇರಲಿ. ಮಲಗುವ ಮುಂಚಿನ ಒಂದೆರಡು ಗಂಟೆ ಹೆಚ್ಚು ನೀರು–ಹಾಲು ಬೇಡ, ಆದರೆ ಹಗಲಿಡೀ ಬಾಯಾರಿಸಬೇಡಿ. ಅದು ಮಲಬದ್ಧತೆಗೆ ದಾರಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಹಾಸಿಗೆ ಇನ್ನೂ ಒದ್ದೆಯಾಗುತ್ತದೆ. ನಡುರಾತ್ರಿ ಎತ್ತಿಕೊಂಡು ಹೋಗಿ ಅರೆನಿದ್ದೆಯಲ್ಲೇ ಮಾಡಿಸಿದರೆ ಹಾಸಿಗೆ ಉಳಿದೀತು, ಮಗು ಕಲಿಯುವುದಿಲ್ಲ.

ಕಲಿತದ್ದು ತಪ್ಪಿದರೆ

ತಂಗಿಯೋ ತಮ್ಮನೋ ಹುಟ್ಟಿದಾಗ, ಶಾಲೆ ಸೇರಿದಾಗ, ಜ್ವರ ಬಂದು ಎದ್ದಾಗ ಮತ್ತೆ ಚಡ್ಡಿಯಲ್ಲಾಗುವುದು ಸಹಜ. ಐದನೇ ಹಂತಕ್ಕೆ ಮರಳಿ, ಹೊತ್ತು ನೋಡಿ ಕೂರಿಸಿ, ದೊಡ್ಡ ಮಗುವಿನ ಜೊತೆ ಒಬ್ಬರೇ ಕೂತು ಸ್ವಲ್ಪ ಸಮಯ ಕಳೆಯಿರಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಶುರುಮಾಡಿ ಎರಡು ವಾರವಾದರೂ ದಿನಾ ಅಳು, ಜಗಳವೇ ಆಗಿದ್ದರೆ ಒಂದೆರಡು ತಿಂಗಳು ಪೂರ್ತಿ ಬಿಟ್ಟು ಮತ್ತೆ ಶುರುಮಾಡಿ.

ಮಾತು ತಡವಾದ, ಆಟಿಸಂ ಇರುವ, ಬೆಳವಣಿಗೆ ನಿಧಾನವಾದ ಮಕ್ಕಳೂ ಕಲಿಯುತ್ತಾರೆ. ಅವರಿಗೆ ಚಡ್ಡಿ ಇಳಿಸು, ಕೂರು, ತೊಳೆ, ಕೈ ತೊಳೆ ಎಂದು ಒಂದೊಂದಕ್ಕೂ ಚಿತ್ರ ಬರೆದು ಬಚ್ಚಲ ಗೋಡೆಗೆ ಅಂಟಿಸಿ, ಹೊತ್ತು ಮತ್ತು ಕ್ರಮ ದಿನವೂ ಒಂದೇ ಇರಲಿ. ಥೆರಪಿಗೆ ಹೋಗುತ್ತಿದ್ದರೆ ಅವರ ಜೊತೆ ಕೂತು ಈ ಯೋಜನೆ ಹಾಕಿಕೊಳ್ಳಿ.

ವೈದ್ಯರಿಗೆ ಯಾವಾಗ ತೋರಿಸಬೇಕು

ಉಚ್ಚೆ ಮಾಡುವಾಗ ಉರಿ, ಜ್ವರ, ಮತ್ತೆ ಮತ್ತೆ ಹನಿಹನಿ ಹೋಗುವುದು, ಕಕ್ಕದಲ್ಲಿ ರಕ್ತ, ಆಹಾರ ಬದಲಿಸಿದರೂ ಬಿಡದ ಮಲಬದ್ಧತೆ ಇದ್ದರೆ ತೋರಿಸಿ. ಗಂಡುಮಗುವಿನ ಧಾರೆ ಸಣ್ಣಗಿದ್ದು ತಿಣುಕಿ ಮಾಡುತ್ತಿದ್ದರೆ, ಅಥವಾ ಯಾವ ಮಗುವಿಗಾದರೂ ಹಗಲಿಡೀ ತೊಟ್ಟಿಕ್ಕುತ್ತಲೇ ಇದ್ದರೆ ವಯಸ್ಸು ಎಷ್ಟೇ ಇರಲಿ ಕಾಯಬೇಡಿ. ನಾಲ್ಕು ವರ್ಷ ದಾಟಿದರೂ ಹಗಲಿನ ಹತೋಟಿ ಬಾರದಿದ್ದರೆ, ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ, ಏಳು ವರ್ಷವಾದರೂ ರಾತ್ರಿಯದು ನಿಲ್ಲದಿದ್ದರೆ ಒಮ್ಮೆ ತಪಾಸಣೆ ಮಾಡಿಸಿ. ಮಗು ಇದ್ದಕ್ಕಿದ್ದಂತೆ ವಿಪರೀತ ನೀರು ಕುಡಿದು, ವಿಪರೀತ ಉಚ್ಚೆ ಮಾಡಿ, ಸೊರಗುತ್ತಿದ್ದರೆ ಅದೇ ದಿನ ಕರೆದೊಯ್ಯಿರಿ. ಅದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣವಿರಬಹುದು.

ಹೋಗುವಾಗ ಎರಡನೇ ಹಂತದಲ್ಲಿ ಬರೆದಿಟ್ಟ ಹಾಳೆಯನ್ನು ಒಯ್ಯಿರಿ. ಜೊತೆಗೆ ಕಕ್ಕದ ಒಂದೆರಡು ಫೋಟೊ ಮೊಬೈಲ್‌ನಲ್ಲಿರಲಿ. ವೈದ್ಯರು ಮೊದಲು ಕೇಳುವುದು ಅದನ್ನೇ.